ಹುಡುಗರ ಆಟ, ದೊಡ್ಡವರ ಕ್ಲಬ್ಬು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪಿಟ್ಸ್‌ಫೀಲ್ಡ್ ಎಂಬ ಊರಿನವರು 1791ರಲ್ಲಿ ಹೊಸ ಸಭಾಮಂದಿರ ಕಟ್ಟಿಸುತ್ತಿದ್ದರು. ಭಾನುವಾರದ ಪ್ರಾರ್ಥನೆಗೂ ಊರಿನ ಸಭೆಗೂ ಅದೇ ಜಾಗ. ಕಿಟಕಿಗೆ ಗಾಜು ಹಾಕಿಸುವುದೆಂದರೆ ಆ ಕಾಲಕ್ಕೆ ದೊಡ್ಡ ಖರ್ಚು. ಆ ಗಾಜನ್ನು ಉಳಿಸಿಕೊಳ್ಳಲು ಊರವರು ಒಂದು ಕಟ್ಟಳೆ ಮಾಡಿದರು: ಮಂದಿರದಿಂದ 80 ಗಜದೊಳಗೆ ಯಾರೂ ಚೆಂಡಾಟ ಆಡಕೂಡದು. ನಿಷೇಧದ ಪಟ್ಟಿಯಲ್ಲಿ ಕ್ರಿಕೆಟ್, ಫುಟ್‌ಬಾಲ್‌ಗಳ ಜೊತೆಗೆ ಬೇಸ್‌ಬಾಲ್ ಹೆಸರೂ ಇತ್ತು. ಇತಿಹಾಸಕಾರ ಜಾನ್ ಥಾರ್ನ್ 2004ರಲ್ಲಿ ಈ ಕಾಗದವನ್ನು ಬೆಳಕಿಗೆ ತಂದ. ಇದಕ್ಕಿಂತ ಹಳೆಯದು ಬೇಕೆಂದರೆ, ಲಂಡನ್ನಿನ ಪ್ರಕಾಶಕ ಜಾನ್ ನ್ಯೂಬೆರಿ 1744ರಲ್ಲಿ ಮಕ್ಕಳಿಗೆಂದೇ ಅಚ್ಚು ಹಾಕಿಸಿದ ಪುಟ್ಟ ಪುಸ್ತಕವೊಂದರಲ್ಲಿ ಬೇಸ್‌ಬಾಲ್ ಎಂಬ ಆಟದ ಚಿತ್ರವಿದೆ.

ಹಿಂದೆ ಹೋದಷ್ಟೂ ಈ ಆಟ ಸಿಗುವುದು ಮಕ್ಕಳ ಕೈಯಲ್ಲೇ. ಮೈದಾನದ ಅಳತೆಯಿಲ್ಲ, ಇಷ್ಟೇ ಜನ ಎಂಬ ಲೆಕ್ಕವಿಲ್ಲ, ಊರಿಗೊಂದು ನಿಯಮ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ನ್ಯೂಯಾರ್ಕಿನ ಗಂಡಸರು ಇದನ್ನು ಎತ್ತಿಕೊಂಡು, ಕ್ಲಬ್ಬು ಕಟ್ಟಿ, ನಿಯಮ ಬರೆದು, ಇದು ಹುಡುಗಾಟಿಕೆಯಲ್ಲ ಎಂದು ಊರನ್ನೇ ಒಪ್ಪಿಸಲು ಹೊರಟರು. ಹವ್ಯಾಸಿ ಬೇಸ್‌ಬಾಲ್ ಕ್ಲಬ್ಬುಗಳ ಮೊದಲ ಮೂವತ್ತು ವರ್ಷಗಳೆಂದರೆ ಆ ಹಠದ ಕಥೆ. ಯಾರು ಒಳಗೆ, ಯಾರು ಹೊರಗೆ ಎಂದು ಗೆರೆ ಎಳೆದವರು ಕ್ಲಬ್ಬಿನವರು. ಆಟಕ್ಕೆ ಕಸುವು ತುಂಬಿದವರು ಮಾತ್ರ ಮತ್ತೆ ಮತ್ತೆ ಆ ಗೆರೆಯ ಆಚೆಯಿಂದಲೇ ಬಂದರು.

ಹೊಬೋಕನ್ನಿಗೆ ದೋಣಿ

1840ರ ದಶಕದಲ್ಲಿ ನ್ಯೂಯಾರ್ಕ್ ನಗರ ಮ್ಯಾನ್‌ಹಟನ್ ದ್ವೀಪದ ದಕ್ಷಿಣದ ತುದಿಯಿಂದ ಉತ್ತರಕ್ಕೆ ಬೀದಿ ಬೀದಿಯಾಗಿ ಹಬ್ಬುತ್ತಿತ್ತು. ಬ್ಯಾಂಕಿನ ಗುಮಾಸ್ತರು, ವ್ಯಾಪಾರಿಗಳು, ವಕೀಲರು, ವೈದ್ಯರು ಮಧ್ಯಾಹ್ನ ಮೂರರ ಹೊತ್ತಿಗೆ ಕೆಲಸ ಮುಗಿಸಿ, ಇಂದಿನ ಮ್ಯಾಡಿಸನ್ ಸ್ಕ್ವೇರ್ ಆಸುಪಾಸಿನ ಖಾಲಿ ಜಾಗದಲ್ಲಿ ಚೆಂಡಾಡಲು ಸೇರುತ್ತಿದ್ದರು. ಜಾಗ ಖಾಲಿಯಾಗಿ ಉಳಿಯಲಿಲ್ಲ. ಇವರು ಉತ್ತರಕ್ಕೆ ಸರಿದಂತೆ ಮನೆಗಳೂ ಅವರ ಹಿಂದೆಯೇ ಬಂದವು. ಕೊನೆಗೆ ಹಡ್ಸನ್ ನದಿ ದಾಟುವುದೊಂದೇ ದಾರಿಯಾಯಿತು. ಆಚೆ ದಡದಲ್ಲಿ ನ್ಯೂಜೆರ್ಸಿ ರಾಜ್ಯದ ಹೊಬೋಕನ್. ಅಲ್ಲಿ ಸ್ಟೀವನ್ಸ್ ಮನೆತನದವರ ಎಲಿಸಿಯನ್ ಫೀಲ್ಡ್ಸ್ ಎಂಬ ವಿಹಾರದ ಬಯಲು. ದೋಣಿಯೂ ಅದೇ ಮನೆತನದ್ದು. ಬಯಲಿಗೆ ಜನ ಬಂದಷ್ಟೂ ದೋಣಿಗೆ ಲಾಭ.

1845ರ ಸೆಪ್ಟೆಂಬರ್ 23ರಂದು ಇವರು ನಿಕರ್‌ಬಾಕರ್ ಬೇಸ್‌ಬಾಲ್ ಕ್ಲಬ್ ಕಟ್ಟಿಕೊಂಡರು. ನಿಯಮ ಬರೆಯುವ ಕೆಲಸ ವಕೀಲ ವಿಲಿಯಂ ವೀಟನ್ ಮತ್ತು ಹೊಗೆಸೊಪ್ಪಿನ ವ್ಯಾಪಾರಿ ವಿಲಿಯಂ ಟಕರ್ ಪಾಲಿಗೆ ಬಂತು. ಒಟ್ಟು 20 ನಿಯಮಗಳು. ಓಡುವವನಿಗೆ ಚೆಂಡಿನಿಂದ ಹೊಡೆದು ಔಟ್ ಮಾಡುವ ಹುಡುಗರ ಹಳೆಯ ಪದ್ಧತಿಯನ್ನು ಅವು ಕೈಬಿಟ್ಟವು. ಪೆಟ್ಟಿನ ಭಯ ಹೋದದ್ದರಿಂದ ಮೆತ್ತನೆಯ ಚೆಂಡಿನ ಬದಲು ಗಟ್ಟಿ ಚೆಂಡು ಬಳಸಲು ದಾರಿಯಾಯಿತು. ಗಟ್ಟಿ ಚೆಂಡು ದೂರ ಹೋಯಿತು, ಮೈದಾನ ಹಿಗ್ಗಿತು. ಮೂವರು ಔಟಾದರೆ ಸರದಿ ಬದಲು. ಮೊದಲು 21 ರನ್ ಮಾಡಿದ ತಂಡಕ್ಕೆ ಗೆಲುವು. ಆ ಕಾಲಕ್ಕೆ ರನ್ನಿಗೆ ಏಸ್ ಎಂಬ ಹೆಸರು, ಇಸ್ಪೀಟಿನ ಮಾತು.

ಚೆಂಡಾಟದ ಕ್ಲಬ್ಬುಗಳಲ್ಲಿ ಇದೇ ಮೊದಲನೆಯದೇನಲ್ಲ. ಫಿಲಡೆಲ್ಫಿಯಾದ ಒಲಿಂಪಿಕ್ ಕ್ಲಬ್ಬಿನವರು 1830ರ ದಶಕದಲ್ಲೇ ಡೆಲವೇರ್ ನದಿ ದಾಟಿ ಕ್ಯಾಮ್ಡೆನ್‌ನಲ್ಲಿ ಟೌನ್‌ಬಾಲ್ ಎಂಬ ಹತ್ತಿರದ ಸಂಬಂಧಿ ಆಟವನ್ನು ಆಡುತ್ತಿದ್ದರು. ತಾನು 1837ರಲ್ಲೇ ಗೋಥಮ್ ಎಂಬ ಕ್ಲಬ್ಬಿಗೆ ನಿಯಮ ಬರೆದಿದ್ದೆ ಎಂದು ವೀಟನ್ ಮುಪ್ಪಿನಲ್ಲಿ ನೆನಪಿಸಿಕೊಂಡ. ನಿಕರ್‌ಬಾಕರ್‌ನವರು ಮಾಡಿದ ಕೆಲಸ ಬೇರೆ. ಅವರು ಎಲ್ಲವನ್ನೂ ಬರೆದಿಟ್ಟರು. ನಿಯಮ, ಹಾಜರಿ, ರನ್ನು, ದಂಡ ಎಲ್ಲಕ್ಕೂ ಪುಸ್ತಕವಿತ್ತು. ಮೈದಾನ ಮತ್ತು ಬಟ್ಟೆ ಬದಲಾಯಿಸುವ ಕೋಣೆಗೆ ವರ್ಷಕ್ಕೆ 75 ಡಾಲರ್ ಬಾಡಿಗೆ. ಆಟದ ನಡುವೆ ಕೆಟ್ಟ ಮಾತಾಡಿದರೆ 6 ಸೆಂಟ್ ದಂಡ. 1849ರಿಂದ ನೀಲಿ ಉಣ್ಣೆಯ ಷರಾಯಿ, ಬಿಳಿ ಫ್ಲಾನೆಲ್ ಅಂಗಿ, ಹುಲ್ಲಿನ ಟೋಪಿಯ ಸಮವಸ್ತ್ರ.

1846ರ ಜೂನ್ 19ರಂದು ಹೊಬೋಕನ್‌ನಲ್ಲಿ ಅವರು ನ್ಯೂಯಾರ್ಕ್ ಎಂಬ ಹೆಸರಿನ ತಂಡದೆದುರು ಆಡಿದರು. ನಾಲ್ಕೇ ಇನಿಂಗ್ಸ್‌ನಲ್ಲಿ ಪಂದ್ಯ ಮುಗಿಯಿತು; ಸೋಲು 23–1ರ ಲೆಕ್ಕದಲ್ಲಿ. ನಿಯಮ ಬರೆದವರೇ ಹೀಗೆ ಸೋತದ್ದು ನೋಡಿದರೆ, ಎದುರಿನವರು ಚೆಂಡಾಟಕ್ಕೆ ಹೊಸಬರಲ್ಲ ಎಂಬುದು ಸ್ಪಷ್ಟ.

ಕ್ಲಬ್ಬನ್ನು ಉಳಿಸಿದವನು ಡೇನಿಯಲ್ ಲೂಷಿಯಸ್ ಆಡಮ್ಸ್ ಎಂಬ ವೈದ್ಯ. ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದಿದವನು, ಎಲ್ಲರ ಬಾಯಲ್ಲೂ ಡಾಕ್ ಆಡಮ್ಸ್. ಅಭ್ಯಾಸದ ದಿನ ನದಿ ದಾಟಿ ಹೋದರೆ ಎಷ್ಟೋ ಸಲ ಇಬ್ಬರು ಮೂವರು ಮಾತ್ರ ಬಂದಿರುತ್ತಿದ್ದರು. ಬನ್ನಿ ಎಂದು ಗೋಗರೆಯುವುದೇ ಒಂದು ಕೆಲಸವಾಗಿತ್ತು. ಚೆಂಡು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ರಬ್ಬರಿನ ಚೂರುಗಳ ಮೇಲೆ ನೂಲು ಸುತ್ತಿ, ಚರ್ಮ ಹೊದಿಸಿ, ತನ್ನ ಕ್ಲಬ್ಬಿಗೂ ಬೇರೆ ಕ್ಲಬ್ಬುಗಳಿಗೂ ಆಡಮ್ಸ್ ತಾನೇ ಚೆಂಡು ಮಾಡಿಕೊಟ್ಟ. ಕುದುರೆಯ ಜೀನು ಹೊಲಿಯುವ ಸ್ಕಾಟ್ಲೆಂಡಿನವನೊಬ್ಬ ಸಿಕ್ಕಮೇಲೆ ಹೊಲಿಗೆಯ ಕೆಲಸ ಅವನಿಗೆ ಹೋಯಿತು. ದೂರ ಹೋದ ಹಗುರ ಚೆಂಡನ್ನು ನಡುವೆ ನಿಂತು ಹಿಡಿದು ದಾಟಿಸಲು ಆಡಮ್ಸ್ ಹುಡುಕಿಕೊಂಡ ಜಾಗವೇ ಮುಂದೆ ಶಾರ್ಟ್‌ಸ್ಟಾಪ್ ಆಯಿತು.

ಹಡಗುಕಟ್ಟೆಯ ತಂಡಗಳು

ಗೋಥಮ್, ಈಗಲ್, ಎಂಪೈರ್ ಕ್ಲಬ್ಬುಗಳು ನಿಕರ್‌ಬಾಕರ್ ಮಾದರಿಯಲ್ಲೇ ಎದ್ದವು. ಆಟದ ಬಣ್ಣ ಬದಲಾದದ್ದು ಈಸ್ಟ್ ನದಿಯ ಆಚೆ, ಬ್ರೂಕ್ಲಿನ್‌ನಲ್ಲಿ. ಆಗ ಅದು ಬೇರೆಯೇ ನಗರ. ಖಾಲಿ ನಿವೇಶನಗಳಿಗೆ ಬರವಿರಲಿಲ್ಲ. 1854ರಲ್ಲಿ ಅಲ್ಲಿ ಜಾಲಿ ಯಂಗ್ ಬ್ಯಾಚಲರ್ಸ್ ಎಂದು ಹುಟ್ಟಿದ ತಂಡ ಎಕ್ಸೆಲ್ಸಿಯರ್ ಎಂಬ ಗಂಭೀರ ಹೆಸರು ಇಟ್ಟುಕೊಂಡಿತು. 1855ರಲ್ಲಿ ಅಟ್ಲಾಂಟಿಕ್, ಪುಟ್ನಮ್, ಎಕ್‌ಫರ್ಡ್ ಕ್ಲಬ್ಬುಗಳು ಬಂದವು.

ಎಕ್‌ಫರ್ಡ್ ಎಂಬುದು ಹೆಸರಾಂತ ಹಡಗು ನಿರ್ಮಾಪಕನೊಬ್ಬನ ಹೆಸರು. ಕ್ಲಬ್ಬಿನವರಲ್ಲಿ ಹೆಚ್ಚಿನವರು ಹಡಗುಕಟ್ಟೆಯ ಬಡಗಿಗಳು, ಕಸಬುದಾರರು. ಮುಂದಾಳು ಫ್ರಾಂಕ್ ಪಿಜನ್ ಕೂಡ ಹಡಗು ಕಟ್ಟುವವನೇ. ದಿನವಿಡೀ ದುಡಿಯುವ ಇವರಿಗೆ ವಾರಕ್ಕೊಂದು ಮಧ್ಯಾಹ್ನ ಬಿಡುವಾದರೆ ಹೆಚ್ಚು. ಹೆಸರಿದ್ದ ಕ್ಲಬ್ಬುಗಳಿಗೆ ಇವರೊಡನೆ ಆಡಲು ಮೊದಮೊದಲು ಮನಸ್ಸಿರಲಿಲ್ಲ. 1856ರಲ್ಲಿ ಕೊನೆಗೂ ಯೂನಿಯನ್ ಕ್ಲಬ್ ಒಪ್ಪಿತು. ಸೋಲುವುದು ಖಚಿತವೆಂದುಕೊಂಡೇ ಮೈದಾನಕ್ಕಿಳಿದ ಹಡಗಿನವರು ಆ ಮೊದಲ ಪಂದ್ಯವನ್ನು ಗೆದ್ದರು. ಏಳೇ ವರ್ಷಕ್ಕೆ, 1863ರಲ್ಲಿ, ಒಂದೂ ಪಂದ್ಯ ಸೋಲದ ಚಾಂಪಿಯನ್ನರಾದರು.

ಪಂದ್ಯ ನಡೆಯುವ ಕ್ರಮವೂ ಕ್ಲಬ್ಬುಗಳ ಸ್ವಭಾವಕ್ಕೆ ತಕ್ಕಂತಿತ್ತು. ಒಂದು ಕ್ಲಬ್ಬಿನ ಕಾರ್ಯದರ್ಶಿ ಇನ್ನೊಂದಕ್ಕೆ ಕಾಗದ ಬರೆದು ಸವಾಲು ಹಾಕಬೇಕು. ಪಂದ್ಯದ ಚೆಂಡೇ ಬಹುಮಾನ. ಸೋತ ತಂಡದ ನಾಯಕ ಅದನ್ನು ಗೆದ್ದವರ ಕೈಗೆ ಕೊಟ್ಟು ನಾಲ್ಕು ಮಾತಾಡಬೇಕು. ಗೆದ್ದವರು ಚೆಂಡಿಗೆ ಬಣ್ಣ ಹಚ್ಚಿ, ದಿನಾಂಕ ಮತ್ತು ರನ್ ಬರೆಸಿ, ಕ್ಲಬ್ಬಿನ ಗಾಜಿನ ಬೀರುವಿನಲ್ಲಿ ಇಡುತ್ತಿದ್ದರು. ಆಮೇಲೆ ಊಟ, ಭಾಷಣ, ಹಾಡು. ಊಟದ ಖರ್ಚು ಅತಿಥೇಯರದು. ಹಡಗಿನ ಬಡಗಿಗೂ ಹಾಲು ಮಾರುವವನಿಗೂ ಈ ಊಟ ಆಟಕ್ಕಿಂತ ದುಬಾರಿ. ಆದರೂ ಪೊಲೀಸರು, ಶಾಲಾ ಶಿಕ್ಷಕರು, ಬಾರಿನಲ್ಲಿ ದುಡಿಯುವವರು, ಬೆಂಕಿ ನಂದಿಸುವ ದಳದವರು ಎಲ್ಲರೂ ತಮ್ಮ ತಮ್ಮ ಕಸಬಿನ ತಂಡ ಕಟ್ಟಿಕೊಂಡರು.

ಇಪ್ಪತ್ತೊಂದರ ಗೆರೆ

ಕ್ಲಬ್ಬುಗಳು ಹೆಚ್ಚಾದಂತೆ ನಿಯಮದ ತಕರಾರೂ ಹೆಚ್ಚಿತು. 1857ರ ಜನವರಿಯಲ್ಲಿ ನ್ಯೂಯಾರ್ಕ್ ಮತ್ತು ಬ್ರೂಕ್ಲಿನ್ ಸುತ್ತಲಿನ ಹದಿನೈದರಷ್ಟು ಕ್ಲಬ್ಬುಗಳು ಸೇರಿದವು; ಅಧ್ಯಕ್ಷತೆ ಡಾಕ್ ಆಡಮ್ಸ್‌ನದು. ಇಂದಿನ ಬೇಸ್‌ಬಾಲ್‌ನ ಮೂರು ಮುಖ್ಯ ಅಳತೆಗಳು ನಿಂತದ್ದು ಅಲ್ಲಿ. ಓಡುವವನು ಮುಟ್ಟಬೇಕಾದ ಬೇಸಿನಿಂದ ಬೇಸಿಗೆ 90 ಅಡಿ. ತಂಡಕ್ಕೆ ಒಂಬತ್ತು ಜನ. 21 ರನ್ನಿನ ಗುರಿಯ ಬದಲು ಒಂಬತ್ತು ಇನಿಂಗ್ಸ್. ಏಳೇ ಸಾಕು ಎಂಬ ವಾದ ಬಿದ್ದುಹೋಯಿತು. ಮರುವರ್ಷ ಈ ಕೂಟವೇ ಬೇಸ್‌ಬಾಲ್ ಆಟಗಾರರ ರಾಷ್ಟ್ರೀಯ ಸಂಘವಾಯಿತು. ಹೆಸರಿಗೆ ರಾಷ್ಟ್ರೀಯ, ಸದಸ್ಯರೆಲ್ಲ ದೋಣಿ ಹತ್ತಿದರೆ ಮುಟ್ಟುವಷ್ಟು ಹತ್ತಿರದವರು.

ಸಂಘ ಕಟ್ಟಿದ ಕೂಡಲೇ ಬಾಗಿಲಿಗೆ ಚಿಲಕ ಬಿತ್ತು. 21 ವರ್ಷ ತುಂಬದವನು ಪ್ರತಿನಿಧಿಯಾಗುವಂತಿಲ್ಲ. ಹುಡುಗರ ಕ್ಲಬ್ಬುಗಳಿಗೆ, ಅಂದರೆ ಜೂನಿಯರ್ ಕ್ಲಬ್ಬುಗಳಿಗೆ, ಸಂಘದಲ್ಲಿ ಜಾಗವಿಲ್ಲ. ಇಂಥ ಕ್ಲಬ್ಬುಗಳು ಬ್ರೂಕ್ಲಿನ್‌ನ ಬೀದಿ ಬೀದಿಯಲ್ಲಿದ್ದವು. ಹದಿನಾರು ಹದಿನೇಳರ ಹುಡುಗರು ದೊಡ್ಡವರಂತೆಯೇ ಕಾರ್ಯದರ್ಶಿ, ಖಜಾಂಚಿ, ಸವಾಲಿನ ಕಾಗದ ಎಲ್ಲವನ್ನೂ ಇಟ್ಟುಕೊಂಡಿದ್ದರು. ಹೊರಗಿಟ್ಟರೆಂದು ಆಟ ಬಿಡಲಿಲ್ಲ. ತಮ್ಮದೇ ಜೂನಿಯರ್ ಸಂಘ ಮಾಡಿಕೊಂಡರು.

ಇದರ ಜೊತೆಗೇ ಇನ್ನೊಂದು ಜಗಳ. ಆಗಿನ ನಿಯಮದಲ್ಲಿ ಚೆಂಡು ಒಂದು ಸಲ ನೆಲಕ್ಕೆ ಬಿದ್ದು ಪುಟಿದ ಮೇಲೆ ಹಿಡಿದರೂ ಬ್ಯಾಟ್ ಬೀಸಿದವನು ಔಟ್. ನಮ್ಮ ಗಲ್ಲಿ ಕ್ರಿಕೆಟ್‌ನಲ್ಲಿ ಹುಡುಗರು ಒನ್‌ಪಿಚ್ ಕ್ಯಾಚ್ ಎನ್ನುತ್ತಾರಲ್ಲ, ಅದೇ. ಕೈಗವಸು ಇಲ್ಲದ ಕಾಲ. ಬರಿಗೈಯಲ್ಲಿ ಗಟ್ಟಿ ಚೆಂಡು ಹಿಡಿದರೆ ಬೆರಳು ಮುರಿಯುವುದು ಮಾಮೂಲು. ನಿಕರ್‌ಬಾಕರ್‌ನವರಿಗೆ ಪುಟಿದ ಚೆಂಡು ಹಿಡಿಯುವುದು ಮಕ್ಕಳಾಟವಾಗಿ ಕಂಡಿತು. ಪಕ್ಕದ ಬಯಲಿನಲ್ಲಿ ಸೇಂಟ್ ಜಾರ್ಜ್ ಕ್ರಿಕೆಟ್ ಕ್ಲಬ್ಬಿನವರು ಗಾಳಿಯಲ್ಲೇ ಕ್ಯಾಚ್ ಹಿಡಿಯುವಾಗ ತಾವು ಪುಟಿದ ಚೆಂಡಿಗೆ ಕೈ ಒಡ್ಡುವುದು ಗಂಡಸುತನಕ್ಕೆ ಕಡಿಮೆ ಎಂಬ ಭಾವ. 1857ರಿಂದ ವರ್ಷ ವರ್ಷವೂ ಅವರು ಗಾಳಿಯಲ್ಲಿ ಹಿಡಿದರೆ ಮಾತ್ರ ಔಟ್ ಎಂಬ ಠರಾವು ತಂದರು, ವರ್ಷ ವರ್ಷವೂ ಸೋತರು. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹುಟ್ಟಿ, ಕ್ರಿಕೆಟ್ ವರದಿಗಾರನಾಗಿದ್ದು ಬೇಸ್‌ಬಾಲ್‌ಗೆ ಮನಸೋತ ಪತ್ರಕರ್ತ ಹೆನ್ರಿ ಚಾಡ್‌ವಿಕ್ ಅವರ ಪರವಾಗಿ ಬರೆದ. 1864ರ ಡಿಸೆಂಬರಿನಲ್ಲಿ ಸಂಘ ಕೊನೆಗೂ ಒಪ್ಪಿತು.

ಇಷ್ಟರಲ್ಲಿ ಹೊರಗಿಟ್ಟ ಹುಡುಗರಲ್ಲೊಬ್ಬ ಆಟದ ನಡುಮನೆಗೇ ಬಂದುಬಿಟ್ಟಿದ್ದ.

ಕ್ರೇಟನ್ ಎಂಬ ಹುಡುಗ

ಜಿಮ್ ಕ್ರೇಟನ್ 1841ರಲ್ಲಿ ಹುಟ್ಟಿದವನು. ಬ್ರೂಕ್ಲಿನ್‌ನ ನಯಾಗರಾ ಎಂಬ ಹುಡುಗರ ಕ್ಲಬ್ಬಿನಲ್ಲಿ ಆಡುತ್ತಿದ್ದ. 1859ರ ಜುಲೈನಲ್ಲಿ ಸ್ಟಾರ್ ಎಂಬ ಇನ್ನೊಂದು ಎಳೆಯರ ತಂಡದೆದುರು ಪಂದ್ಯ, ನಯಾಗರಾ ಸೋಲುತ್ತಿತ್ತು. ಚೆಂಡು ಎಸೆಯಲು ಕ್ರೇಟನ್‌ನನ್ನು ಕರೆದರು. ನಿಯಮದ ಪ್ರಕಾರ ಪಿಚರ್ ಕೈಯನ್ನು ಕೆಳಗಿನಿಂದ ಬೀಸಿ, ಮಣಿಕಟ್ಟು ಮಡಿಸದೆ, ಹೊಡೆಯಲು ಅನುಕೂಲವಾಗುವಂತೆ ಚೆಂಡು ಕೊಡಬೇಕು. ಪಿಚರ್ ಎಂದರೆ ಆಗ ಆಟಕ್ಕೆ ಚಾಲನೆ ಕೊಡುವವನು, ಅಷ್ಟೇ. ಕ್ರೇಟನ್ ಎಸೆದ ಚೆಂಡು ನೆಲದ ಹತ್ತಿರದಿಂದ ಹೊರಟು ಮೇಲೇರುತ್ತ, ತಿರುಗುತ್ತ, ಹಿಂದೆಂದೂ ಕಾಣದ ವೇಗದಲ್ಲಿ ಬಂತು. ಮಣಿಕಟ್ಟು ಮಡಿಸುತ್ತಾನೆ ಎಂದು ಎದುರಿನವರು ಕೂಗಿದರು. ಮಡಿಸಿದ್ದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಸ್ವಲ್ಪ ದಿನಕ್ಕೆ ಸ್ಟಾರ್ ತಂಡ ಅವನನ್ನು ಎಳೆದುಕೊಂಡಿತು. 1860ರ ಹೊತ್ತಿಗೆ ಅವನು ಪ್ರತಿಷ್ಠಿತ ಎಕ್ಸೆಲ್ಸಿಯರ್ ಪಾಲಾಗಿದ್ದ. ಹವ್ಯಾಸಿ ಆಟಗಾರ ಹಣ ಪಡೆಯುವಂತಿಲ್ಲ ಎಂಬುದು ಸಂಘದ ನಿಯಮ. ಕ್ರೇಟನ್‌ಗೆ ಒಳಗಿಂದೊಳಗೆ ಹಣ ಸಂದಿತೆಂದೇ ಇತಿಹಾಸಕಾರರ ನಂಬಿಕೆ.

ಆ ಬೇಸಿಗೆ ಎಕ್ಸೆಲ್ಸಿಯರ್ ರೈಲು ಹತ್ತಿ ಆಲ್ಬನಿ, ಟ್ರಾಯ್, ಬಫಲೋ, ರಾಚೆಸ್ಟರ್ ಕಡೆ ಪ್ರವಾಸ ಹೊರಟಿತು. ಬಫಲೋದಲ್ಲಿ ಅಲ್ಲಿನ ನಯಾಗರಾ ಕ್ಲಬ್ಬನ್ನು 50–19ರಲ್ಲಿ ಸೋಲಿಸಿತು. ಊರವರು ಬೇಸರ ಪಡಲಿಲ್ಲ. ಈ ಆಟವನ್ನು ಹೀಗೂ ಆಡಬಹುದೇ ಎಂದು ಬೆರಗಾಗಿ ನೋಡಿದರು. ಮುಂದೆ ಫಿಲಡೆಲ್ಫಿಯಾ, ಬಾಲ್ಟಿಮೋರ್‌ಗೂ ಪ್ರವಾಸ ಹಬ್ಬಿತು. ಮ್ಯಾಸಚೂಸೆಟ್ಸ್‌ನಲ್ಲಿ ಆಗಿನ್ನೂ ಬೇರೆಯೇ ಆಟವಿತ್ತು: ಬೇಸಿನ ಬದಲು ನಾಲ್ಕಡಿಯ ಗೂಟ, ಒಬ್ಬ ಔಟಾದರೆ ಇಡೀ ತಂಡದ ಸರದಿ ಮುಗಿಯಿತು, ನೂರು ರನ್ ಮಾಡಿದವರಿಗೆ ಗೆಲುವು. ಗೋಥಮ್ ಕ್ಲಬ್ಬಿನ ಎಡ್ವರ್ಡ್ ಸಾಲ್ಟ್ಸ್‌ಮನ್ ಬಾಸ್ಟನ್ನಿಗೆ ಹೋಗಿ ನೆಲೆಸಿ, 1857ರಲ್ಲಿ ಟ್ರೈ-ಮೌಂಟನ್ ಕ್ಲಬ್ ಕಟ್ಟಿ, ನ್ಯೂಯಾರ್ಕಿನ ಆಟವನ್ನು ಅಲ್ಲಿ ಬಿತ್ತಿದ. ಹತ್ತು ವರ್ಷದೊಳಗೆ ಗೂಟದ ಆಟ ಮಾಯವಾಯಿತು.

ಆಟ ಹಬ್ಬಿದಂತೆ ನೋಡುವವರೂ ಹೆಚ್ಚಿದರು. 1858ರಲ್ಲಿ ಲಾಂಗ್ ಐಲೆಂಡಿನ ಫ್ಯಾಷನ್ ಕೋರ್ಸ್ ಕುದುರೆ ಜೂಜಿನ ಮೈದಾನದಲ್ಲಿ ನ್ಯೂಯಾರ್ಕ್ ಮತ್ತು ಬ್ರೂಕ್ಲಿನ್ ಆಯ್ದ ತಂಡಗಳು ಸೆಣಸಿದಾಗ ಮೊದಲ ಸಲ ಟಿಕೆಟ್ ಇಟ್ಟಿದ್ದರು. ಖರ್ಚು ಕಳೆದು ಉಳಿದ 71 ಡಾಲರ್ 9 ಸೆಂಟ್ ಎರಡೂ ನಗರಗಳ ಅಗ್ನಿಶಾಮಕ ದಳಗಳ ಪರಿಹಾರ ನಿಧಿಗೆ ಹೋಯಿತು. ಎರಡು ವರ್ಷದೊಳಗೆ ಕಾಲ ಕೆಟ್ಟಿತು. 1860ರ ಆಗಸ್ಟ್ 23ರಂದು ಎಕ್ಸೆಲ್ಸಿಯರ್ ಮತ್ತು ಅಟ್ಲಾಂಟಿಕ್ ನಡುವಿನ ನಿರ್ಣಾಯಕ ಪಂದ್ಯಕ್ಕೆ ಸಾವಿರಾರು ಜನ ನೆರೆದರು. ಬಾಜಿ ಕಟ್ಟಿದ್ದ ಅಟ್ಲಾಂಟಿಕ್ ಬೆಂಬಲಿಗರ ಬೈಗುಳ ಮಿತಿ ಮೀರಿದಾಗ ಎಕ್ಸೆಲ್ಸಿಯರ್ ನಾಯಕ ಜೋಸೆಫ್ ಲೆಗೆಟ್ ತನ್ನ ತಂಡವನ್ನು ಮೈದಾನದಿಂದ ಹೊರಗೆ ಕರೆದೊಯ್ದ. ಪಂದ್ಯ ಡ್ರಾ ಎಂದಾಯಿತು. ಈ ಎರಡು ಕ್ಲಬ್ಬುಗಳು ಮತ್ತೆಂದೂ ಪರಸ್ಪರ ಆಡಲಿಲ್ಲ.

1862ರ ಅಕ್ಟೋಬರಿನಲ್ಲಿ ಪಂದ್ಯವೊಂದರ ಬಳಿಕ ಹೊಟ್ಟೆನೋವಿನಿಂದ ಮಲಗಿದ ಕ್ರೇಟನ್ ನಾಲ್ಕೇ ದಿನದಲ್ಲಿ, 18ರಂದು, ತೀರಿಕೊಂಡ. ಬ್ಯಾಟ್ ಬೀಸಿದ ರಭಸಕ್ಕೇ ಸತ್ತನೆಂದು ಜನ ಕಥೆ ಕಟ್ಟಿದರು. ಹರ್ನಿಯಾ ಬಿಗಡಾಯಿಸಿದ್ದು ಕಾರಣವಿರಬೇಕು. ಗ್ರೀನ್‌ವುಡ್ ಸ್ಮಶಾನದಲ್ಲಿ ಅವನಿಗೆ ಅಮೃತಶಿಲೆಯ ಸ್ಮಾರಕ ಎದ್ದಿತು. ಸಾಯುವಾಗ ಅವನ ವಯಸ್ಸು 21. ಸಂಘದಲ್ಲಿ ಪ್ರತಿನಿಧಿಯಾಗಲು ಬೇಕಿದ್ದ ವಯಸ್ಸು ಆಗಷ್ಟೇ ತುಂಬಿತ್ತು. ಅಷ್ಟರೊಳಗೆ ಆಟದ ಸ್ವರೂಪವನ್ನೇ ಅವನು ಬದಲಿಸಿದ್ದ. ಅವನ ನಂತರ ಪಿಚರ್ ಎಂದರೆ ಬ್ಯಾಟ್ ಹಿಡಿದವನ ಎದುರಾಳಿ.

ಯುದ್ಧ, ಬಣ್ಣ, ಬಾಗಿಲು

ಅಮೆರಿಕದ ಅಂತರ್ಯುದ್ಧದ ನಾಲ್ಕು ವರ್ಷ ಕ್ಲಬ್ಬುಗಳು ಸೊರಗಿದವು, ಆಟ ಸೊರಗಲಿಲ್ಲ. ಸೈನಿಕರು ಬಿಡಾರಗಳಲ್ಲಿ ಆಡಿದರು. ನಾರ್ತ್ ಕೆರೊಲಿನಾದ ಸಾಲ್ಸ್‌ಬರಿಯ ಸೆರೆಮನೆಯಲ್ಲಿದ್ದ ಕಲಾವಿದ ಓಟೊ ಬೋಟಿಷರ್ ಕೈದಿಗಳ ಬೇಸ್‌ಬಾಲ್ ಪಂದ್ಯವನ್ನು ಚಿತ್ರಿಸಿದ್ದಾನೆ. 1865ರಲ್ಲಿ ಊರಿಗೆ ಮರಳಿದವರು ಆಟವನ್ನೂ ಜೊತೆಗೆ ಒಯ್ದರು. 1866ರ ಕೊನೆಗೆ ಸಂಘದ ಸಭೆಗೆ ಇನ್ನೂರಕ್ಕೂ ಹೆಚ್ಚು ಕ್ಲಬ್ಬುಗಳ ಹೆಸರು ಬಂತು. ಅದೇ ವರ್ಷ ವಾಸ್ಸರ್ ಕಾಲೇಜಿನ ಹುಡುಗಿಯರು ಲಾರೆಲ್, ಅಬೆನಾಕಿಸ್ ಎಂಬ ಎರಡು ತಂಡ ಕಟ್ಟಿಕೊಂಡರು. ಅವರನ್ನು ಸೇರಿಸಬೇಕೇ ಎಂಬ ಪ್ರಶ್ನೆಯೇ ಯಾವ ಸಂಘದ ಮುಂದೂ ಏಳಲಿಲ್ಲ.

ಕಪ್ಪುಜನರ ಕ್ಲಬ್ಬುಗಳ ಪ್ರಶ್ನೆ ಎದ್ದಿತು. ಬ್ರೂಕ್ಲಿನ್‌ನ ವೀಕ್ಸ್‌ವಿಲ್ ಕಪ್ಪುಜನರು ಕಟ್ಟಿಕೊಂಡ ಬಡಾವಣೆ. ಅಲ್ಲಿನ ಅನ್‌ನೋನ್ ಕ್ಲಬ್ 1859ರಲ್ಲೇ ಜಮೈಕಾ ಎಂಬ ಪಕ್ಕದೂರಿನ ಹೆನ್ಸನ್ ಕ್ಲಬ್ಬಿನೊಡನೆ ಪಂದ್ಯ ಆಡಿತ್ತು. ಯುದ್ಧದ ಬಳಿಕ ಫಿಲಡೆಲ್ಫಿಯಾದಲ್ಲಿ ಪಿಥಿಯನ್ ಕ್ಲಬ್ ಬೆಳೆಯಿತು. ಅದರ ನಾಯಕ ಆಕ್ಟೇವಿಯಸ್ ಕ್ಯಾಟೊ ಕಪ್ಪುಜನರ ಪ್ರೌಢವಿದ್ಯಾಲಯದ ಶಿಕ್ಷಕ, ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದವನು. ನಿಯಮ, ಶಿಸ್ತು, ಲೆಕ್ಕಪತ್ರ, ಅತಿಥಿಗಳಿಗೆ ಊಟ, ಯಾವುದರಲ್ಲೂ ಪಿಥಿಯನ್ ಬಿಳಿಯರ ಕ್ಲಬ್ಬಿಗೆ ಕಡಿಮೆಯಿರಲಿಲ್ಲ. 1867ರ ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಸಂಘಕ್ಕೆ ಅದು ಅರ್ಜಿ ಹಾಕಿತು. ಹ್ಯಾರಿಸ್‌ಬರ್ಗ್‌ನ ಸಭೆಯಲ್ಲಿ ಹಲವರು ಸೌಜನ್ಯದಿಂದಲೇ ಮಾತಾಡಿಸಿ, ಮತಕ್ಕೆ ಹಾಕಿದರೆ ಅವಮಾನವಾದೀತು, ಅರ್ಜಿ ಹಿಂದಕ್ಕೆ ಪಡೆಯಿರಿ ಎಂದರು. ಪಿಥಿಯನ್ ಪ್ರತಿನಿಧಿ ಹಿಂದಕ್ಕೆ ಪಡೆದ. ಎರಡೇ ತಿಂಗಳಲ್ಲಿ ರಾಷ್ಟ್ರೀಯ ಸಂಘ, ಒಬ್ಬನೇ ಒಬ್ಬ ಕಪ್ಪು ಸದಸ್ಯನಿರುವ ಕ್ಲಬ್ಬನ್ನೂ ಸೇರಿಸಿಕೊಳ್ಳಬಾರದೆಂದು ಬರವಣಿಗೆಯಲ್ಲೇ ನಿರ್ಧರಿಸಿತು. ರಾಜಕೀಯ ಜಗಳ ಬೇಡ ಎಂಬುದು ಅದು ಕೊಟ್ಟ ಕಾರಣ.

ಪಿಥಿಯನ್ ಆಟ ನಿಲ್ಲಿಸಲಿಲ್ಲ. 1869ರಲ್ಲಿ ಬಿಳಿಯರ ಒಲಿಂಪಿಕ್ ಕ್ಲಬ್ಬಿನೊಡನೆ ಆಡಿ ಸೋತಿತು. ಕೆಲವೇ ವಾರಗಳಲ್ಲಿ ಸಿಟಿ ಐಟಂ ಎಂಬ ಪತ್ರಿಕೆಯ ಬಿಳಿಯರ ತಂಡವನ್ನು 27–17ರಲ್ಲಿ ಸೋಲಿಸಿತು. 1871ರ ಅಕ್ಟೋಬರ್ 10, ಫಿಲಡೆಲ್ಫಿಯಾದ ಚುನಾವಣೆಯ ದಿನ. ಕಪ್ಪು ಮತದಾರರ ಮೇಲೆ ನಡೆದ ಹಲ್ಲೆಯಲ್ಲಿ ಕ್ಯಾಟೊನನ್ನು ನಡುಬೀದಿಯಲ್ಲಿ ಗುಂಡಿಟ್ಟು ಕೊಂದರು. ಅವನಿಲ್ಲದೆ ಪಿಥಿಯನ್ ಮುಗಿಯಿತು.

ಹವ್ಯಾಸದ ಕೊನೆಯ ಇನಿಂಗ್ಸ್

ಸಂಘ ಬಾಗಿಲು ಕಾಯುತ್ತಿದ್ದ ಹೊತ್ತಿನಲ್ಲೇ ಹವ್ಯಾಸವೆಂಬ ಮನೆ ಒಳಗಿನಿಂದ ಖಾಲಿಯಾಗುತ್ತಿತ್ತು. 1867ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ಸ್ ತಂಡ ಪಶ್ಚಿಮದ ಪ್ರವಾಸ ಹೊರಟಿತು. ಆಟಗಾರರಲ್ಲಿ ಹಲವರು ಖಜಾನೆ ಇಲಾಖೆಯ ಗುಮಾಸ್ತರೆಂದು ಪಟ್ಟಿಯಲ್ಲಿತ್ತು. ಶಾರ್ಟ್‌ಸ್ಟಾಪ್ ಜಾರ್ಜ್ ರೈಟ್ ಕೂಡ ಗುಮಾಸ್ತ. ಅವನ ಕಚೇರಿಯ ವಿಳಾಸ ಹುಡುಕಿ ಹೋದರೆ ಸಿಗುತ್ತಿದ್ದದ್ದು ಒಂದು ಉದ್ಯಾನ. ಎದುರಾದ ತಂಡಗಳನ್ನೆಲ್ಲ ಈ ನ್ಯಾಷನಲ್ಸ್ ಚಚ್ಚಿಹಾಕಿತು. ಒಮ್ಮೆ ಮಾತ್ರ ಎಡವಿತು. ಜುಲೈ 25ರಂದು ಇಲಿನಾಯ್ ರಾಜ್ಯದ ರಾಕ್‌ಫರ್ಡ್ ಎಂಬ ಸಣ್ಣ ಊರಿನ ಫಾರೆಸ್ಟ್ ಸಿಟಿ ಕ್ಲಬ್ 29–23ರಲ್ಲಿ ಗೆದ್ದಿತು. ಅವರ ಪಿಚರ್ ಆಲ್ಬರ್ಟ್ ಸ್ಪಾಲ್ಡಿಂಗ್‌ಗೆ 16 ವರ್ಷ. ಪಯೊನಿಯರ್ಸ್ ಎಂಬ ಹುಡುಗರ ಕ್ಲಬ್ಬಿನಿಂದ ಬಂದವನು. ಆ ವರ್ಷವೇ ಷಿಕಾಗೋದ ಕ್ಲಬ್ಬೊಂದು ಅವನಿಗೆ ಕಿರಾಣಿ ಸಗಟು ಅಂಗಡಿಯಲ್ಲಿ ಗುಮಾಸ್ತನ ಕೆಲಸ ಕೊಡಿಸಿತು, ವಾರಕ್ಕೆ 40 ಡಾಲರ್. ಯಾವ ಕಿರಾಣಿ ಗುಮಾಸ್ತನಿಗೂ ಅಷ್ಟು ಸಂಬಳವಿರಲಿಲ್ಲ.

ಈ ಮುಚ್ಚುಮರೆ ಸಾಕೆಂದು 1868ರ ಕೊನೆಯಲ್ಲಿ ಸಂಘ ವೃತ್ತಿಪರರಿಗೆ ಅನುಮತಿ ಕೊಟ್ಟಿತು. ಮರುವರ್ಷ ಸಿನ್ಸಿನಾಟಿಯ ರೆಡ್ ಸ್ಟಾಕಿಂಗ್ಸ್ ಹತ್ತು ಆಟಗಾರರನ್ನು ಬಹಿರಂಗವಾಗಿ ಸಂಬಳಕ್ಕಿಟ್ಟುಕೊಂಡು, ದೇಶದ ಎರಡೂ ಕರಾವಳಿಗೆ ಹೋಗಿ ಆಡಿ, ಒಂದೂ ಪಂದ್ಯ ಸೋಲದೆ ಮರಳಿತು. ಹತ್ತರಲ್ಲಿ ಸಿನ್ಸಿನಾಟಿಯವನು ಒಬ್ಬನೇ. ಊರಿನ ಹೆಸರು, ಬೇರೆ ಊರಿನ ಕಾಲು. 1870ರ ಜೂನ್ 14ರಂದು ಬ್ರೂಕ್ಲಿನ್‌ನಲ್ಲಿ ಅಟ್ಲಾಂಟಿಕ್ 11 ಇನಿಂಗ್ಸ್ ಸೆಣಸಿ 8–7ರಲ್ಲಿ ಅವರ ಗೆಲುವಿನ ಸರಣಿ ಮುರಿಯಿತು.

1871ರ ಮಾರ್ಚ್‌ನಲ್ಲಿ ವೃತ್ತಿಪರರು ತಮ್ಮದೇ ಸಂಘ ಮಾಡಿಕೊಂಡು ಹೊರಟರು. ಉಳಿದ ಹವ್ಯಾಸಿಗಳು ಎಕ್ಸೆಲ್ಸಿಯರ್ ಮುಂದಾಳತ್ವದಲ್ಲಿ ಬೇರೆ ಸಂಘ ಕಟ್ಟಿದರು. ಅದು 1874ಕ್ಕೆ ಮುಗಿದುಹೋಯಿತು. ನಿಕರ್‌ಬಾಕರ್ ಕ್ಲಬ್ ಮುಂದಿನ ದಶಕದ ಆರಂಭದವರೆಗೆ ಹೇಗೋ ಉಸಿರು ಹಿಡಿದಿತ್ತು. ಹಳ್ಳಿಯ, ಕಾರ್ಖಾನೆಯ, ಶಾಲೆಯ ತಂಡಗಳು ಯಾವ ರಾಷ್ಟ್ರೀಯ ಸಂಘದ ಹಂಗೂ ಇಲ್ಲದೆ ಸಾವಿರಗಟ್ಟಲೆ ಉಳಿದವು.

ಗಂಡಸರ ಹಠಕ್ಕೆ ಇನ್ನೊಂದು ಅಧ್ಯಾಯ ಬಾಕಿಯಿತ್ತು. ಕ್ರೀಡಾಸಾಮಗ್ರಿಯ ದೊಡ್ಡ ವ್ಯಾಪಾರಿಯಾಗಿ ಬೆಳೆದ ಸ್ಪಾಲ್ಡಿಂಗ್‌ಗೆ ಆಟದ ಬೇರು ಇಂಗ್ಲೆಂಡಿನ ಮಕ್ಕಳಾಟದಲ್ಲಿದೆ ಎಂಬ ಚಾಡ್‌ವಿಕ್‌ನ ಮಾತು ಸಹಿಸಲಾಗಲಿಲ್ಲ. ಆಟದ ಹುಟ್ಟು ಹುಡುಕಲು ಅವನ ಒತ್ತಾಯದ ಮೇಲೆ 1905ರಲ್ಲಿ ಸಮಿತಿಯೊಂದು ಕೂತಿತು. 1839ರಲ್ಲಿ ಕೂಪರ್ಸ್‌ಟೌನ್ ಎಂಬ ಹಳ್ಳಿಯಲ್ಲಿ ಆಬ್ನರ್ ಡಬಲ್‌ಡೇ ಬೇಸ್‌ಬಾಲ್ ಕಂಡುಹಿಡಿದ ಎಂದು ಮುದುಕನೊಬ್ಬ ಕಾಗದ ಬರೆದಿದ್ದ. ಆ ಕಾಗದವನ್ನೇ ಸಮಿತಿ ಪ್ರಮಾಣವೆಂದಿತು. ಡಬಲ್‌ಡೇ ಅಂತರ್ಯುದ್ಧದ ಜನರಲ್. 1839ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯ ವಿದ್ಯಾರ್ಥಿ. ಕಾಗದ ಬರೆದವನಿಗೆ ಆಗ ಐದು ವರ್ಷ. ಹುಡುಗರ ಕ್ಲಬ್ಬಿನಿಂದ ಮೇಲೆ ಬಂದವನೇ ಆಟದ ಹುಟ್ಟನ್ನು ಹುಡುಗರಿಂದ ಕಸಿದು ಸೇನಾಧಿಕಾರಿಯೊಬ್ಬನಿಗೆ ಕೊಡಿಸಿದ್ದ.

ಸುಳ್ಳು ಶತಮಾನೋತ್ಸವಕ್ಕೆ ಸರಿಯಾಗಿ 1939ರ ಜೂನ್ 12ರಂದು ಕೂಪರ್ಸ್‌ಟೌನ್‌ನಲ್ಲಿ ಬೇಸ್‌ಬಾಲ್ ಮಹನೀಯರ ಹಾಲ್ ಆಫ್ ಫೇಮ್ ಉದ್ಘಾಟನೆಯಾಯಿತು. ಅದಕ್ಕೆ ಆರು ದಿನ ಮೊದಲು, ಜೂನ್ 6ರಂದು, ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಗದ್ದಲವಿಲ್ಲದೆ ಇನ್ನೊಂದು ಘಟನೆ ನಡೆದಿತ್ತು. ಕಾರ್ಲ್ ಸ್ಟಾಟ್ಜ್ ಎಂಬಾತ ಅಕ್ಕಪಕ್ಕದ ಮಕ್ಕಳ ಓಟದ ಶಕ್ತಿ ಅಳೆದು ನೋಡಿ, 90 ಅಡಿಯನ್ನು 60ಕ್ಕೆ ಇಳಿಸಿ, ಮೂರು ತಂಡಗಳ ಲಿಟಲ್ ಲೀಗ್ ಆರಂಭಿಸಿದ. ಡಾಕ್ ಆಡಮ್ಸ್ ದೊಡ್ಡವರ ಕಾಲಿಗೆ ಕೊಟ್ಟ ಅಳತೆ ಮಕ್ಕಳ ಕಾಲಿಗೆ ಮರಳಿ ಹೊಂದಿಕೊಂಡಿತು.

ಗೆರೆಗಳು ಮಾತ್ರ ಜೊತೆಗೇ ಬಂದವು. 1955ರಲ್ಲಿ ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್ನಿನ ಕ್ಯಾನನ್ ಸ್ಟ್ರೀಟ್ ತಂಡದ ಕಪ್ಪು ಮಕ್ಕಳೊಡನೆ ಆಡಲು ಒಲ್ಲದೆ ರಾಜ್ಯದ 61 ಬಿಳಿಯರ ಲಿಟಲ್ ಲೀಗ್ ತಂಡಗಳು ಪಂದ್ಯಾವಳಿಯನ್ನೇ ಬಿಟ್ಟು ಹೋದವು. ಆಡದೆ ಗೆದ್ದವರು ಮುಂದಿನ ಸುತ್ತಿಗೆ ಅರ್ಹರಲ್ಲ ಎಂದು ಲೀಗ್ ಹೇಳಿತು. ಮಕ್ಕಳನ್ನು ಅತಿಥಿಗಳಾಗಿ ವಿಲಿಯಮ್ಸ್‌ಪೋರ್ಟ್‌ಗೆ ಕರೆದು, ಬೇರೆಯವರು ಆಡುವುದನ್ನು ನೋಡಲು ಕೂರಿಸಿದರು. ಹುಡುಗಿಯರ ಗೆರೆ ಇನ್ನೂ ಗಟ್ಟಿ. 1950ರಲ್ಲಿ ಕೂದಲು ಕತ್ತರಿಸಿಕೊಂಡು, ಹುಡುಗನೆಂದು ಹೇಳಿಕೊಂಡು ಕ್ಯಾಥರಿನ್ ಜಾನ್‌ಸ್ಟನ್ ಎಂಬವಳು ನ್ಯೂಯಾರ್ಕ್ ರಾಜ್ಯದ ಲಿಟಲ್ ಲೀಗ್ ತಂಡವೊಂದರಲ್ಲಿ ಆಡಿದ್ದಳು. ಮರುವರ್ಷವೇ ಹುಡುಗಿಯರಿಗೆ ಪ್ರವೇಶವಿಲ್ಲ ಎಂಬ ನಿಯಮ ಬಂತು.

1972ರಲ್ಲಿ ಮರಿಯಾ ಪೆಪೆ ಎಂಬ 12 ವರ್ಷದ ಹುಡುಗಿ ಹೊಬೋಕನ್ ತಂಡವೊಂದರ ಪಿಚರ್ ಆಗಿ ಮೂರು ಪಂದ್ಯ ಆಡಿದಳು. ಅವಳನ್ನು ಕೈಬಿಡದಿದ್ದರೆ ಊರಿನ ಲೀಗಿನ ಮಾನ್ಯತೆಯನ್ನೇ ರದ್ದು ಮಾಡುವುದಾಗಿ ಲಿಟಲ್ ಲೀಗ್ ಎಚ್ಚರಿಸಿತು. ಅವಳು ಸಮವಸ್ತ್ರ ಹಿಂದಿರುಗಿಸಿದಳು. ಮಹಿಳಾ ಸಂಘಟನೆಯೊಂದು ಪ್ರಕರಣ ಹೂಡಿತು. 1973ರಲ್ಲಿ ನ್ಯೂಜೆರ್ಸಿಯ ವಿಚಾರಣಾಧಿಕಾರಿ ಸಿಲ್ವಿಯಾ ಪ್ರೆಸ್ಲರ್ ಹುಡುಗಿಯರ ಪರ ತೀರ್ಪಿತ್ತರು. ಮರುವರ್ಷ ಮೇಲಿನ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. 1974ರ ಡಿಸೆಂಬರಿನಲ್ಲಿ ಅಧ್ಯಕ್ಷ ಫೋರ್ಡ್ ಸಹಿ ಹಾಕಿದ ಕಾನೂನು ಲಿಟಲ್ ಲೀಗ್‌ನ ಸನ್ನದಿನಲ್ಲಿ ಹುಡುಗರು ಎಂದಿದ್ದಲ್ಲಿ ಎಳೆಯರು ಎಂದು ತಿದ್ದಿತು. ಸಂಸ್ಥೆಯ ಧ್ಯೇಯಗಳ ಸಾಲಿನಿಂದ ಗಂಡಸುತನವನ್ನು ತೆಗೆದುಹಾಕಿತು. ಮರಿಯಾಗೆ ಆ ಹೊತ್ತಿಗೆ 14 ತುಂಬಿತ್ತು. ಲೀಗಿನ ವಯಸ್ಸಿನ ಮಿತಿ 12 ಆದ್ದರಿಂದ, ತಾನು ಗೆದ್ದುಕೊಟ್ಟ ಆಟಕ್ಕೆ ಅವಳೇ ದೊಡ್ಡವಳಾಗಿಬಿಟ್ಟಿದ್ದಳು.